ಎಂಟು ಮಿಲಿಮೀಟರ್ ತೆಳ್ಳಗಾದ ಮರ

೨೦೨೩ರ ಜೂನ್ ಹತ್ತು, ಶನಿವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಸೊಸೆ ಬಾದಾಮಿ ಮರಕ್ಕೆ ಟೇಪು ಸುತ್ತಿದಳು, ಓದಿದಳು, ಬಿಚ್ಚಿ ಮತ್ತೆ ಸುತ್ತಿದಳು. ಐವತ್ತೊಂದು ಪಾಯಿಂಟ್ ಆರು ಸೆಂಟಿಮೀಟರ್. ಕಳೆದ ಜೂನಿನಲ್ಲಿ ಇದೇ ಮರದ ಸುತ್ತಳತೆ ಐವತ್ತೆರಡು ಪಾಯಿಂಟ್ ನಾಲ್ಕು ಇತ್ತು. ಒಂದು ವರ್ಷ ನೀರು ಕುಡಿದು, ಬಿಸಿಲು ತಿಂದು, ಮರ ಎಂಟು ಮಿಲಿಮೀಟರ್ ತೆಳ್ಳಗಾಗಿತ್ತು.

ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುವವಳಿಗೆ ಇದು ನುಂಗಲಾರದ ತುತ್ತು. ಹಗಲಿನ ಬಿಸಿಲಿಗೆ ಕಾಂಡ ಕೂದಲೆಳೆಯಷ್ಟು ಕುಗ್ಗಿ ರಾತ್ರಿ ಮತ್ತೆ ಹಿಗ್ಗುವುದುಂಟು. ಅದಕ್ಕೇ ಅವಳು ಪ್ರತಿ ವರ್ಷ ಬಿಸಿಲೇರುವ ಮೊದಲು ಅಳೆಯುತ್ತಿದ್ದಳು. ಆದರೆ ಎಂಟು ಮಿಲಿಮೀಟರು ಕೂದಲೆಳೆಯಲ್ಲ, ಜಡೆ.

ಆರು ವರ್ಷದ ಹಿಂದೆ ವಿಶ್ವವಿದ್ಯಾಲಯ ಪರಿಸರ ಉಳಿಸುವ ಸಂಕಲ್ಪ ಮಾಡಿತು. ಸಂಕಲ್ಪದ ಪ್ರತಿಯನ್ನು ದಪ್ಪ ಕಾಗದದ ಮೇಲೆ ಮುದ್ರಿಸಿ ಎಲ್ಲರಿಗೂ ಹಂಚಿತು. ಆಮೇಲೆ ನಿಜಕ್ಕೂ ಒಳ್ಳೆಯ ಕೆಲಸವನ್ನೂ ಮಾಡಿತು: ಹಿಂಬದಿಯ ಗೇಟಿನಾಚೆಯ ಬೀದಿಯವರೊಂದಿಗೆ ಸೇರಿ, ಮನೆಗೊಂದರಂತೆ ಮರ ನೆಟ್ಟಿತು. ಸಸಿ ವಿಶ್ವವಿದ್ಯಾಲಯದ್ದು, ಸಾಕುವುದು ಮನೆಯವರು, ಅಳೆಯುವುದು ಹಸಿರು ಸಮಿತಿ. ಸಮಿತಿಯ ಕಾರ್ಯದರ್ಶಿ ಇದೇ ಸೊಸೆ. ‘ಒಂದು ವರ್ಷದಲ್ಲಿ ಬೆಳೆಯದ ಮರವನ್ನು ರೋಗಗ್ರಸ್ತವೆಂದು ತಿಳಿದು, ತೆಗೆದು, ಹೊಸ ಸಸಿ ನೆಡತಕ್ಕದ್ದು’ ಎಂಬ ನಿಯಮ ಬರೆದವಳೂ ಅವಳೇ. ಬರೆದ ದಿನ ತಕ್ಕದ್ದು ಎಂಬ ಪದ ಅವಳಿಗೆ ಬಹಳ ಹಿಡಿಸಿತ್ತು. ಈಗ ಆ ಪದ ಅವಳ ಸ್ವಂತ ಮನೆಯ ಮುಂದೆ, ಅವಳ ಅತ್ತೆ ಸಾಕಿದ ಮರದ ಬುಡಕ್ಕೇ ಬಂದು ನಿಂತಿತ್ತು.

ಅತ್ತೆ ಟೈಲರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕಿಟಕಿಯಲ್ಲಿ ಬೀದಿ, ಬಾಯಲ್ಲಿ ಸದಾ ಎರಡು ಗುಂಡುಸೂಜಿ. ಸೂಜಿ ತೆಗೆದು ಕಿಟಕಿಯಿಂದಲೇ ಕೂಗಿದರು.

"ಏನೇ, ಬೆಳಿಗ್ಗೆ ಬೆಳಿಗ್ಗೆ ಮರಾನ ತಬ್ಕೊಂಡು ನಿಂತಿದೀಯ? ನನ್ನ ಮಗ ನೋಡಿದ್ರೆ ಏನಂದ್ಕೋಬೇಕು?"

"ಅತ್ತೆ, ನಿಮ್ಮ ಮರ ಸಣ್ಣ ಆಗಿದೆ."

"ಸಣ್ಣ ಆಗಿದ್ಯಾ? ಏನು ಮಾಡ್ತು ಅಂತ ಕೇಳಿ ನನಗೂ ಹೇಳು."

"ತಮಾಷೆ ಅಲ್ಲ ಅತ್ತೆ. ಬೆಳೀದೇ ಇದ್ರೆ ತೆಗೀಬೇಕು ಅಂತ ನಿಯಮ ಇದೆ. ಸೋಮವಾರ ವರದಿ ಕೊಡ್ಬೇಕು."

ಅತ್ತೆ ಹೊರಗೆ ಬಂದರು. "ನಲವತ್ತು ವರ್ಷದಿಂದ ಊರೋರ ಸೊಂಟ ಅಳೀತಿದೀನಿ. ಸಣ್ಣ ಆಗ್ತೀನಿ, ಬಿಗಿಯಾಗೇ ಹೊಲೀರಿ ಅಂದೋರೆಲ್ಲ ಆರು ತಿಂಗಳಿಗೆ ಹೊಲಿಗೆ ಬಿಚ್ಚಿಸೋಕೆ ಬಂದಿದಾರೆ. ಮನುಷ್ಯರೇ ಸಣ್ಣ ಆಗಲ್ಲ, ಮರ ಆಗತ್ತಾ? ನಿನ್ನ ಟೇಪು ಹಿಗ್ಗಿರಬೇಕು."

ಹಿಗ್ಗಿದ ಟೇಪು ಕಡಿಮೆ ಅಳತೆ ತೋರಿಸುತ್ತದೆ. ಊಹೆ ಪರೀಕ್ಷೆಗೆ ಯೋಗ್ಯವಾಗಿತ್ತು. ಇಬ್ಬರೂ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಟೇಪನ್ನು ಉಕ್ಕಿನ ಅಳತೆಪಟ್ಟಿಯ ಪಕ್ಕ ಚಾಚಿ, ಬಗ್ಗಿ ನೋಡಿದರು. ಗೆರೆಗೆ ಗೆರೆ ಸರಿಯಾಗಿ ಕೂತಿತು.

"ಹಾಗಾದ್ರೆ ಹಿಗ್ಗಿರೋದು ನೀನೇ," ಎಂದು ಅತ್ತೆ ತೀರ್ಪು ಕೊಟ್ಟರು. "ಕಾರ್ಯದರ್ಶಿ ಆದಾಗಿಂದ."

ಸೊಸೆ ಮತ್ತೆ ಕಟ್ಟೆ ಹತ್ತಿದಳು. ಮರದ ಸುತ್ತ ಕಟ್ಟೆ ಬಂದದ್ದು ಕಳೆದ ಡಿಸೆಂಬರಿನಲ್ಲಿ. ಅತ್ತೆಯ ಮಂಡಿ ನೋವಿಗೆ ಸಂಜೆ ಹೊರಗೆ ಕೂರಲು ಒಂದು ಜಾಗ ಬೇಕಿತ್ತು. ಬೀದಿಯವರನ್ನೆಲ್ಲ ಗದರಿಸಿ, ಇಟ್ಟಿಗೆ ಕೂಡಿಸಿ, ದುಂಡಗೆ ಗೋಡೆ ಕಟ್ಟಿಸಿ, ಒಳಗೆ ಮಣ್ಣು ತುಂಬಿ, ಮೇಲೆ ಹುಲ್ಲು ಹಾಸಿದ್ದರು. ಕುಲಪತಿಗಳು ಅದರ ಮೇಲೆ ಕೂತು, ಮರಕ್ಕೆ ಒರಗಿ ನಕ್ಕಿದ್ದರು. ಆ ನಗು ವಿಶ್ವವಿದ್ಯಾಲಯದ ಪರಿಸರ ವರದಿಯ ಮುಖಪುಟವಾಗಿತ್ತು.

ನೆಲದಿಂದ ಒಂದು ಪಾಯಿಂಟ್ ಮೂರು ಮೀಟರ್ ಎತ್ತರದಲ್ಲಿ ಅಳೆಯಬೇಕೆಂಬುದು ಹಲವು ದೇಶಗಳಲ್ಲಿ ಮರ ಅಳೆಯುವ ಕ್ರಮ, ಸಮಿತಿಯದೂ ಅದೇ. ಅವಳು ಅಷ್ಟುದ್ದದ ಕೋಲನ್ನು ಹುಲ್ಲಿನ ಮೇಲೆ ನಿಲ್ಲಿಸಿ, ತುದಿಯಲ್ಲಿ ಟೇಪು ಸುತ್ತಿ, ಅದೇ ಐವತ್ತೊಂದು ಪಾಯಿಂಟ್ ಆರನ್ನು ಮತ್ತೊಮ್ಮೆ ಓದಿ, ಸಿಟ್ಟಿನಲ್ಲಿ ತಲೆಯೆತ್ತಿದಳು. ಕೆಳಗಿನ ಕೊಂಬೆ ಹಣೆಗೆ ಟಪ್ಪೆಂದು ಬಡಿಯಿತು.

"ಮರಕ್ಕೂ ಸಾಕಾಯ್ತು ನಿನ್ನ ಕಾಟ," ಎಂದರು ಅತ್ತೆ.

ಸೊಸೆ ಹಣೆ ಉಜ್ಜಿಕೊಳ್ಳುತ್ತ ಕೊಂಬೆಯನ್ನೇ ನೋಡಿದಳು. ಅದಕ್ಕೆ ಮರದ ಸಂಖ್ಯೆಯ ತಗಡನ್ನು ಕಟ್ಟಿದ್ದವಳು ಅವಳೇ, ಕಳೆದ ವರ್ಷ, ಕೈ ಮೇಲೆತ್ತಿ. ಈಗ ತಗಡು ಮೂಗಿನ ಮುಂದೆ ತೂಗುತ್ತಿತ್ತು. ಮರ ತುದಿಯಲ್ಲಿ ಬೆಳೆಯುತ್ತದೆ, ಸುತ್ತಲೂ ದಪ್ಪವಾಗುತ್ತದೆ. ಕಾಂಡದಿಂದ ಹೊರಟ ಕೊಂಬೆ ಮಾತ್ರ ಹೊರಟ ಎತ್ತರದಲ್ಲೇ ಇರುತ್ತದೆ. ಪ್ರತಿ ವರ್ಷ ಮೊದಲ ತರಗತಿಯಲ್ಲೇ ಅವಳು ಇದನ್ನು ಹೇಳುತ್ತಿದ್ದಳು.

"ಅತ್ತೆ, ಮರದ್ದೇನೂ ತಪ್ಪಿಲ್ಲ. ನೆಲ ಮೇಲಕ್ಕೆ ಬಂದಿದೆ!"

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ."

"ಇಲ್ಲ, ನಿಜವಾಗ್ಲೂ ನೆಲದ್ದೇ. ಕಟ್ಟೆಗೆ ಮಣ್ಣು ತುಂಬಿದ್ದೀವಲ್ಲ, ಕೋಲು ಅಷ್ಟು ಮೇಲೆ ನಿಂತಿದೆ. ಮರ ಮೇಲೆ ಹೋದಷ್ಟೂ ಸಣ್ಣ. ನಾನು ಸೊಂಟ ಅಳೀಬೇಕಾದ ಕಡೆ ಕತ್ತು ಅಳೆದಿದೀನಿ."

ಅತ್ತೆಗೆ ತಕ್ಷಣ ಅರ್ಥವಾಯಿತು. ನಕ್ಕರು. ಸೊಸೆಯೂ ನಕ್ಕಳು. ಆದರೆ ಅವಳು ಬೇಗ ನಿಲ್ಲಿಸಿಬಿಟ್ಟಳು.

"ಏನು ಮತ್ತೆ ಮುಖ ಹಾಗೆ?"

"ಅತ್ತೆ... ಬುಡದ ತೊಗಟೆಗೆ ಗಾಳಿ ಬೇಕು. ಆರು ತಿಂಗಳಿಂದ ಒದ್ದೆ ಮಣ್ಣಿನಲ್ಲಿ ಹೂತಿದೆ. ಹೀಗೇ ಬಿಟ್ರೆ ಸುತ್ತ ಕೊಳೆತು ಮರ ಒಣಗತ್ತೆ. ಈಗಾಗ್ಲೇ ಎಷ್ಟು ಕೊಳೆತಿದ್ಯೋ."

ಅತ್ತೆ ಸೂಜಿಗಳನ್ನು ಸೆರಗಿಗೆ ಚುಚ್ಚಿಕೊಂಡರು. "ನಾನು ಮಣ್ಣು ಹೊತ್ತು ತಂದಿದ್ದು ಮರ ಚೆನ್ನಾಗಿರ್ಲಿ ಅಂತ."

"ಗೊತ್ತು ಅತ್ತೆ. ನಾನೂ ಇದರ ಮೇಲೆ ಕೂತು ಕಡಲೆಕಾಯಿ ತಿಂದಿದೀನಿ. ನನಗೇ ಹೊಳೀಲಿಲ್ಲ."

"ನಿನಗೆ ಹೊಳೀಬೇಕಿತ್ತು," ಎಂದು ಹೇಳಿ ಅತ್ತೆ ಒಳಗೆ ಹೋದರು. ಹೊಲಿಗೆ ಯಂತ್ರದ ಸದ್ದು ಕೇಳಲಿಲ್ಲ. ಅದು ಕೇಳದಿದ್ದರೆ ಮನೆಯಲ್ಲಿ ಎಲ್ಲರಿಗೂ ಗಾಬರಿ.

ಸೊಸೆ ಸಮಿತಿಯ ಅಧ್ಯಕ್ಷರಿಗೆ ಫೋನು ಮಾಡಿದಳು. ಅಧ್ಯಕ್ಷರು ಸಿವಿಲ್ ಎಂಜಿನಿಯರಿಂಗ್ ಪ್ರೊಫೆಸರು. ಕಾಂಕ್ರೀಟಿನಲ್ಲಿ ದೊಡ್ಡ ಹೆಸರು. ಸಮಿತಿಗೆ ಸಿಮೆಂಟಿನ ವಿರುದ್ಧ ಒಬ್ಬ ತಿಳಿದವರು ಬೇಕೆಂದು ಅವರನ್ನು ನೇಮಿಸಿದ್ದರು. ಆಗಲೇ ಬುಡ ಕೆದಕಿ ಕೈ ಮಣ್ಣಾಗಿದ್ದರಿಂದ ಅವಳು ಸ್ಪೀಕರ್ ಹಾಕಿ ಫೋನನ್ನು ಕಿಟಕಿಯಲ್ಲಿಟ್ಟು, ಅಳತೆಯ ಕಥೆಯೆಲ್ಲ ಹೇಳಿ, ಕಟ್ಟೆ ತೆಗೆಯಬೇಕು ಎಂದಳು.

"ಕಟ್ಟೆ ಮುಟ್ಟೋ ಹಾಗಿಲ್ಲ ಮೇಡಂ," ಎಂದರು ಅಧ್ಯಕ್ಷರು. "ಅದು ಮುಖಪುಟದಲ್ಲಿದೆ. ಮುಂದಿನ ತಿಂಗಳು ಹೊರಗಿನ ತಂಡ ನೋಡೋಕೆ ಬರತ್ತೆ. ಜನರ ಸಹಭಾಗಿತ್ವಕ್ಕೆ ನಮ್ಮ ಹತ್ರ ಇರೋದು ಅದೊಂದೇ ಫೋಟೋ. ಕಟ್ಟೆ ಎಲ್ಲಿ ಅಂದ್ರೆ ಏನು ತೋರಿಸ್ಲಿ?"

"ಸಾರ್, ಮರ ಸಾಯತ್ತೆ."

"ಹಾಗಾದ್ರೆ ಮರ ಬದಲಾಯಿಸಿ. ಬೆಳೆದಿಲ್ಲ ಅಂತ ನಿಮ್ಮ ಅಳತೆಯೇ ಹೇಳತ್ತೆ. ನಿಯಮಾನೂ ನಿಮ್ಮದೇ."

ಕಿಟಕಿಯ ಒಳಗಿನಿಂದ ಒಂದು ಕೈ ಬಂದು ಫೋನನ್ನು ಎತ್ತಿಕೊಂಡಿತು.

"ನಮಸ್ಕಾರ ಪ್ರೊಫೆಸರೇ. ಕಟ್ಟೆ ಕಟ್ಟಿಸಿದೋಳು ಮಾತಾಡ್ತಿದೀನಿ. ಮರ ಕಿತ್ತು ಕಟ್ಟೆ ಉಳಿಸ್ತೀರಾ? ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲ!"

"ಅಲ್ಲ ಅಮ್ಮ, ನಿಯಮದ ಪ್ರಕಾರ..."

"ಬೆಳವಣಿಗೆ ನೋಡೋದೇ ನಿಯಮ ಆದ್ರೆ, ನಿಮ್ಮ ಕೋಟಿನ ಹೊಲಿಗೆ ಎರಡು ವರ್ಷದಲ್ಲಿ ಮೂರು ಸಲ ಬಿಚ್ಚಿದೀನಿ. ಸುತ್ತಳತೆ ವರದೀಲಿ ಹಾಕಿಸ್ಲಾ? ಸಹಭಾಗಿತ್ವ ಅಂತ?"

"ಅಯ್ಯೋ, ಅದೆಲ್ಲ ಯಾಕಮ್ಮ!" ಎಂದರು ಅಧ್ಯಕ್ಷರು.

"ಗಾಬರಿಯಾಗ್ಬೇಡಿ," ಎಂದರು ಅತ್ತೆ, ದನಿ ಇಳಿಸಿ. "ಗೋಡೆ ಇರತ್ತೆ. ಒಳಗಿನ ಮಣ್ಣು ತೆಗೀತೀವಿ, ಅಷ್ಟೇ. ಫೋಟೋದಲ್ಲಿ ಹೊಟ್ಟೆ ಒಳಗೆ ಎಳ್ಕೊಂಡಿರೋದು ಯಾರಿಗೂ ಕಾಣಲ್ಲ. ಅದು ನಿಮಗೇ ಗೊತ್ತಲ್ಲ."

"ಹಾಗಿದ್ರೆ ಪರವಾಗಿಲ್ಲ ಅಮ್ಮ," ಎಂದರು ಅಧ್ಯಕ್ಷರು, ಬಹಳ ಮೆತ್ತಗೆ.

ಮಗ ಹಲ್ಲುಜ್ಜುತ್ತ ಹೊರಗೆ ಬಂದವನು ಹಲ್ಲುಜ್ಜಿ ಮುಗಿಸುವ ಮೊದಲೇ ಅವನ ಕೈಗೆ ಸಲಿಕೆ ಬಂತು. "ನಾನೇನು ಮಾಡಿದೆ?" ಎಂದ. "ಏನೂ ಮಾಡಿಲ್ಲ, ಅದಕ್ಕೇ," ಎಂದರು ಅತ್ತೆ. ಬುಡದ ಹತ್ತಿರ ಮಾತ್ರ ಸಲಿಕೆ ಹಾಕಲು ಬಿಡದೆ, ಬೇರಿಗೆ ಪೆಟ್ಟಾದೀತೆಂದು ಸೊಸೆ ಕೈಯಿಂದಲೇ ಮಣ್ಣು ತೆಗೆದಳು. ಮಣ್ಣು ಹೂಕುಂಡಗಳಿಗೆ ಹೋಯಿತು, ಕುಂಡ ತುಂಬಿದ ಮೇಲೆ ಬಕೆಟುಗಳಿಗೆ, ಬಕೆಟು ತುಂಬಿದ ಮೇಲೆ ನೆರೆಯವರಿಗೆ.

ಹೂತಿದ್ದ ತೊಗಟೆ ಕಪ್ಪಗಿತ್ತು. ಮುಗ್ಗುಲು ವಾಸನೆ ಹೊಡೆಯುತ್ತಿತ್ತು. ಅತ್ತೆ ಮಂಡಿ ಹಿಡಿದುಕೊಂಡು ಗೋಡೆಯ ಮೇಲೆ ಕೂತು ನೋಡುತ್ತಿದ್ದರು.

ಸೊಸೆ ಉಗುರಿನಿಂದ ತೊಗಟೆಯನ್ನು ಮೆಲ್ಲಗೆ ಕೆರೆದಳು. ಕಂದು. ಮೆತ್ತಗೆ, ಸತ್ತಿತ್ತು. ಅತ್ತೆಯತ್ತ ತಿರುಗದೆ ಪಕ್ಕಕ್ಕೆ ಸರಿದು ಕೆರೆದಳು. ಅಲ್ಲೂ ಕಂದು. ಇನ್ನೂ ಸ್ವಲ್ಪ ಆಚೆ ಕೆರೆದಾಗ ಹಸಿರು ಕಂಡಿತು, ಒದ್ದೆ ಹಸಿರು. ಅಲ್ಲಿಂದ ಮರದ ಸುತ್ತ ಕೆರೆಯುತ್ತ ಹೋದಳು. ಎಲ್ಲ ಕಡೆ ಹಸಿರೇ.

"ಒಂದು ಅಂಗೈಯಷ್ಟು ಹೋಗಿದೆ ಅತ್ತೆ. ಮಿಕ್ಕಿದ್ದೆಲ್ಲ ಜೀವಂತ. ಬದುಕ್ಕೊಳತ್ತೆ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಸೆರಗಿನ ಸೂಜಿ ಚುಚ್ಚಿ ಹಾ ಎಂದರು. ಕಣ್ಣಲ್ಲಿ ನೀರು ಬಂದದ್ದು ಸೂಜಿಯಿಂದ ಎಂದು ಮಗನಿಗೆ ಹೇಳಿದರು. ಗೋಡೆಯ ಅಂಚು ಕೂರಲು ಸಾಕಷ್ಟು ಅಗಲವಿದೆಯೇ ಎಂದು ಅತ್ತಿತ್ತ ಸರಿದು ನೋಡಿಕೊಂಡರು. ಸಾಕಿತ್ತು. ಹುಲ್ಲಿನಷ್ಟು ಮೆತ್ತಗಿರಲಿಲ್ಲ, ಅಷ್ಟೇ.

"ಒಂದು ದಿಂಬು ಹೊಲ್ಕೋತೀನಿ ಬಿಡು. ಆ ತಕ್ಕದ್ದು ಅನ್ನೋ ನಿಯಮಾನೂ ಸ್ವಲ್ಪ ಸಡಿಲ ಹೊಲಿ. ಈಗ ಅಳೆ, ನೋಡೋಣ."

ಸೊಸೆ ಗೋಡೆಯೊಳಗೆ ಇಳಿದು, ಹಳೆಯ ನೆಲದ ಮೇಲೆ ಕೋಲು ನಿಲ್ಲಿಸಿದಳು. ಟೇಪನ್ನು ಬಿಗಿಯದೆ, ಸಡಿಲವನ್ನೂ ಬಿಡದೆ ಸುತ್ತಿ, ಎರಡು ಸಲ ಓದಿದಳು. ಎರಡು ಸಲವೂ ಐವತ್ತೈದು ಪಾಯಿಂಟ್ ಮೂರು ಸೆಂಟಿಮೀಟರ್, ಕಳೆದ ಜೂನಿಗಿಂತ ಇಪ್ಪತ್ತೊಂಬತ್ತು ಮಿಲಿಮೀಟರ್ ಹೆಚ್ಚು.