ಹಿಂಬದಿಯ ಗಂಟುಗಳು

“ಕಡ್ಡಿ ಎಳೀಬೇಡಿ ಚಿಕ್ಕಮ್ಮ, ಎಲ್ಲ ಬಿಚ್ಕೊಂಡ್ಬಿಡುತ್ತೆ.”

ಅಕ್ಕನ ಮಗಳು ಹಾಗೆನ್ನುವಷ್ಟರಲ್ಲಿ ತಂಗಿಯ ಬೆರಳು ಕಡ್ಡಿಯ ತುದಿ ಹಿಡಿದಾಗಿತ್ತು. ಮಂಚದ ಕೆಳಗಿನ ಟ್ರಂಕಿನಿಂದ ಇಬ್ಬರೂ ಸೇರಿ ಎಳೆದು ತೆಗೆದ ಹೊದಿಕೆ ಅರ್ಧ ನೆಲದ ಮೇಲೆ, ಅರ್ಧ ಅವಳ ಮಡಿಲಲ್ಲಿ ಬಿದ್ದಿತ್ತು. ಚೌಕಕ್ಕೆ ಚೌಕ ಕೂಡಿಸಿ ಹೆಣೆದ ಬೂದು ಉಣ್ಣೆಯ ಹೊದಿಕೆ. ಒಂದು ಮೂಲೆಯ ಚೌಕ ಮಾತ್ರ ಮುಗಿದಿರಲಿಲ್ಲ. ಮೊಳದುದ್ದದ ಕೊಕ್ಕೆಕಡ್ಡಿ ಸಾಲುಕುಣಿಕೆಗಳನ್ನು ಹೊತ್ತು ಹಾಗೇ ನಿಂತಿತ್ತು, ಹೆಣೆಯುತ್ತಿದ್ದವಳು ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋದ ಹಾಗೆ.

ಹೆಣೆಯುತ್ತಿದ್ದವಳು ಮಂಚದ ಮೇಲೆ ಮಲಗಿದ್ದಳು. ಬೆಳಕು ಹರಿಯುವ ಮುಂಚೆಯೇ ಉಸಿರು ನಿಂತಿತ್ತು.

“ಇದನ್ನೇ ಹೊದಿಸಿ ಕಳಿಸು ಅಂದಿದ್ಳು ಅಮ್ಮ. ನಿಮ್ಮನ್ನ ಕರಿ ಅಂತ ಅಂದಿರ್ಲಿಲ್ಲ. ಅದು ನಾನಾಗಿ ಕರೆದಿದ್ದು.”

ಕಾರ್ಖಾನೆಯ ಗೇಟಿನ ಮುಂದೆ ಮೈಕಿಲ್ಲದೆ ಗುಡುಗಿದ ಗಂಟಲು ತಂಗಿಯದು. ಈ ಕೋಣೆಯಲ್ಲಿ ಅದರಿಂದ ಒಂದು ‘ಹೂಂ’ ಕೂಡ ಹುಟ್ಟಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದಳು. ಎದುರಿನ ಸೈಕಲ್ ರಿಪೇರಿ ಅಂಗಡಿಯ ತಗಡಿನ ಸೂರಿನಡಿ ಹೆಣಿಗೆ ಶೆಡ್ಡಿನ ಹಳೆಯ ಹೆಂಗಸರು ಗುಂಪಾಗಿ ನಿಂತಿದ್ದರು. ಒಬ್ಬರೂ ಬೀದಿ ದಾಟಿರಲಿಲ್ಲ. ಬರುವಾಗ ಅವಳೇ ಮಾತಾಡಿಸಿದ್ದಳು. ಗುಂಪಿನ ಹಿರಿಯಳಾದ ಗೊಗ್ಗರಕ್ಕ ತನ್ನ ಒಡಕು ದನಿಯಲ್ಲಿ, ನಾವು ಬಂದಿರುವುದು ನಿನ್ನ ಮುಖ ನೋಡಿ, ಅವಳ ಮುಖ ನೋಡುವುದಕ್ಕಲ್ಲ ಎಂದಿದ್ದಳು. ಆಗ ಅದು ಮರ್ಯಾದೆಯಂತೆಯೇ ಕೇಳಿಸಿತ್ತು.

ಅಷ್ಟರಲ್ಲಿ ಶವದ ವ್ಯಾನಿನ ಡ್ರೈವರು ಏದುಸಿರು ಬಿಡುತ್ತ ಮೇಲೆ ಬಂದ. ಮೆಟ್ಟಿಲಿನ ತಿರುವು ಇಕ್ಕಟ್ಟು, ಸ್ಟ್ರೆಚರು ತಿರುಗುವುದಿಲ್ಲ, ಗಟ್ಟಿ ಹೊದಿಕೆಯಲ್ಲಿ ಮಲಗಿಸಿ ನಾಲ್ಕಾರು ಜನ ಅಂಚು ಹಿಡಿದು ಇಳಿಸಬೇಕು ಎಂದ. ಕೋಣೆಯಲ್ಲಿದ್ದ ಇಬ್ಬರು ಹೆಂಗಸರನ್ನು ನೋಡಿ, “ಜನ ಎಲ್ಲಮ್ಮ?” ಎಂದು ಕೇಳಿದ.

ಮಗಳು ಕಿಟಕಿಯ ಕಡೆ ನೋಡಿದಳು. ಆಮೇಲೆ ಚಿಕ್ಕಮ್ಮನ ಕಡೆ.

*

ಉದ್ದಕಡ್ಡಿಯ ಹೆಣಿಗೆಯನ್ನು ತಂಗಿಗೆ ಕಲಿಸಿದವಳು ಅಕ್ಕನೇ. ಟ್ಯುನಿಷಿಯನ್ ಕ್ರೋಶಾ ಎಂಬುದು ಕಾರ್ಖಾನೆಯವರು ಹೊದಿಕೆಗೆ ಅಂಟಿಸುತ್ತಿದ್ದ ಚೀಟಿಯ ಹೆಸರು. ಶೆಡ್ಡಿನಲ್ಲಿ ಅದಕ್ಕೆ ‘ಹೋಗು-ಬಾ’ ಅನ್ನುತ್ತಿದ್ದರು. ಹೋಗುವ ಸಾಲಿನಲ್ಲಿ ಕುಣಿಕೆಗಳನ್ನೆಲ್ಲ ಕಡ್ಡಿಯ ಮೇಲೆ ಎತ್ತಿಕೊಂಡು ಹೋಗಬೇಕು, ಬರುವ ಸಾಲಿನಲ್ಲಿ ಒಂದೊಂದಾಗಿ ಇಳಿಸುತ್ತ ಬರಬೇಕು. ಮೂಲೆಚೌಕಕ್ಕಾದರೆ ಎರಡು ಬದಿಯಷ್ಟು ಉದ್ದಕ್ಕೆ ಕುಣಿಕೆ ಎತ್ತಿ ಶುರುಮಾಡಿ, ಪ್ರತಿ ಸಾಲಿನಲ್ಲೂ ನಟ್ಟನಡುವೆ ಮೂರನ್ನು ಸೇರಿಸಿ ಒಂದು ಮಾಡಬೇಕು. ನೆಟ್ಟಗಿದ್ದ ಪಟ್ಟಿ ಮೊಣಕೈಯಂತೆ ಮಡಿಯುತ್ತದೆ. ಸಾಲು ಸಾಲಿಗೂ ಕಿರಿದಾಗುತ್ತ, ಕೊನೆಗೆ ಎದುರು ಮೂಲೆಯಲ್ಲಿ ಒಂದೇ ಒಂದು ಕುಣಿಕೆಯಾಗಿ ಮುಗಿಯುತ್ತದೆ.

“ನಡು ಮರೆತ್ರೆ ಅದು ಚೌಕ ಅಲ್ಲ ಕಣೆ, ಸೊಂಟಪಟ್ಟಿ,” ಎನ್ನುತ್ತಿದ್ದಳು ಅಕ್ಕ. “ಕಾರ್ಖಾನೆ ಯಜಮಾನನ ಹೊಟ್ಟೆಗೆ ಸುತ್ತಬಹುದು. ಅದೂ ಸಾಲದೆ ಬರುತ್ತೇನೋ.”

ತಂಗಿ ಮೊದಲ ಚೌಕ ಮುಗಿಸಿ ಹೆಮ್ಮೆಯಿಂದ ಎತ್ತಿ ತೋರಿಸಿದಾಗ ಅಕ್ಕ ಅದರ ಮುಖವನ್ನೇ ನೋಡಲಿಲ್ಲ. ಮಗುಚಿ ಹಾಕಿ ಬೆರಳಾಡಿಸಿದಳು.

“ಮುಂಬದಿ ಯಜಮಾನನಿಗೆ. ಹೆಣೆದವಳು ಏನು ಮಾಡಿದಾಳೆ ಅನ್ನೋದು ಹಿಂಬದೀಲಿರುತ್ತೆ. ಯಾರ ಹೆಣಿಗೇನೇ ಆಗ್ಲಿ, ತಿರುಗಿಸಿ ನೋಡದೆ ಮಾತಾಡಬೇಡ.”

*

ವರ್ಷಗಳ ಹಿಂದಿನ ಒಂದು ಚಳಿಗಾಲ ಹೆಂಗಸರು ಕೆಲಸ ನಿಲ್ಲಿಸಿದರು. ಶೆಡ್ಡಿನ ಕಿಟಕಿಗಳಿಗೆ ಗಾಜಿರಲಿಲ್ಲ. ಬೆರಳು ಮರಗಟ್ಟಿ ಕುಣಿಕೆ ತಪ್ಪಿದರೆ ದಂಡ ಬೀಳುತ್ತಿತ್ತು. ಲೋಕದ ಮೈಗೆಲ್ಲ ಬಿಸಿ ಹೆಣೆದು ಕೊಡುವ ಕೈಗಳು ಬಾಯಿಯ ಆವಿಯಲ್ಲಿ ತಮ್ಮನ್ನು ತಾವು ಕಾಯಿಸಿಕೊಳ್ಳಬೇಕಿತ್ತು. ಕಡ್ಡಿಗಳನ್ನೆಲ್ಲ ಗೇಟಿನ ಮುಂದಿನ ಡ್ರಮ್ಮಿಗೆ ಹಾಕಿ, ಗೆಲ್ಲುವ ತನಕ ಒಂದು ಕುಣಿಕೆಯನ್ನೂ ಎತ್ತುವುದಿಲ್ಲ ಎಂದು ಆಣೆ ಮಾಡಿದರು. ಆಣೆ ಹೇಳಿಕೊಟ್ಟವಳು ತಂಗಿ. ಹಗಲು ರಾತ್ರಿ ಗೇಟಿನ ಮುಂದೆಯೇ ಕೂತರು. ಚಳಿಗೆ ಒಬ್ಬೊಬ್ಬರೇ ಕೆಮ್ಮುತ್ತ ಮನೆಗೆ ಜಾರತೊಡಗಿದರು. ಒಡಕು ಆಗಲೇ ಕಾಣುತ್ತಿತ್ತು.

ಅಂಥ ಒಂದು ಮಧ್ಯಾಹ್ನ ತಂಗಿ ನೀರಿನ ಕೊಡ ತರಲು ಅಕ್ಕನ ಮನೆಗೆ ಬಂದಳು. ಅಕ್ಕ ಕಿಟಕಿಯ ಬೆಳಕಿನಲ್ಲಿ ಕೂತಿದ್ದಳು. ಕೈಯಲ್ಲಿ ಉದ್ದಕಡ್ಡಿ, ತೊಡೆಯ ಮೇಲೆ ಬೂದು ಉಣ್ಣೆ. ಆ ಸಲ ಕಾರ್ಖಾನೆಗೆ ಬಂದಿದ್ದ ಬೇಡಿಕೆಯೂ ಬೂದು ಬಣ್ಣಕ್ಕೇ. ತಂಗಿಯನ್ನು ಕಂಡದ್ದೇ ಅಕ್ಕ ಹೆಣಿಗೆಯನ್ನು ಸೆರಗಿನಡಿ ಸರಿಸಿ ನಕ್ಕಳು. ತಂಗಿಗೆ ಕಂಡದ್ದು ಸರಿಸಿದ್ದು ಮಾತ್ರ.

ಕೊಡ ಅಲ್ಲೇ ಬಿಟ್ಟು ಗೇಟಿಗೆ ಹೋಗಿ, ಡ್ರಮ್ಮಿನ ಪಕ್ಕದ ಕಲ್ಲು ಹತ್ತಿ, ಅಕ್ಕ ಕದ್ದು ಯಜಮಾನನಿಗೆ ಹೆಣೆಯುತ್ತಿದ್ದಾಳೆಂದು ಎಲ್ಲರ ಮುಂದೆ ಹೇಳಿದಳು. ಕಳ್ಳಕಡ್ಡಿ ಎಂಬ ಹೆಸರನ್ನೂ ಅಲ್ಲೇ ಇಟ್ಟಳು. ಆಮೇಲೆ ಹೋರಾಟ ಸೋತಿತು. ಸೋಲಿಗೆ ಒಬ್ಬರು ತಪ್ಪಿತಸ್ಥರು ಬೇಕಿತ್ತು. ಯಜಮಾನ ಎತ್ತರದಲ್ಲಿದ್ದ, ಕೈಗೆಟಕುತ್ತಿರಲಿಲ್ಲ. ಅಕ್ಕ ಎಟಕಿದಳು. ಶೆಡ್ಡಿನಲ್ಲಿ ಅವಳ ಪಕ್ಕ ಯಾರೂ ಕೂರದಾದರು. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ, ಸೋಡಾನೀರಿನಲ್ಲಿ ಕೈ ಬಿರಿಯುವ ತನಕ ಒಗೆದಳು. ಬೀದಿಯ ಮಕ್ಕಳಿಗೂ ಅವಳ ಹೆಸರು ಕಳ್ಳಕಡ್ಡಿ.

ತಂಗಿ ಮಾತ್ರ ಕಾರ್ಮಿಕರ ಸಂಘದಲ್ಲಿ ಬೆಳೆದಳು. ಯಾವ ಸಭೆಗೆ ಹೋದರೂ ಅವಳಿಗಿಂತ ಮುಂಚೆ ಆ ಮಾತು ಹೋಗಿರುತ್ತಿತ್ತು: ಸ್ವಂತ ಅಕ್ಕನನ್ನೂ ಬಿಡಲಿಲ್ಲ ನೋಡಿ, ನಿಷ್ಠೆ ಅಂದರೆ ಅದು. ಅವಳು ತಲೆ ತಗ್ಗಿಸಿ, ಬೇಡವೆನ್ನದೆ, ಆ ಹಾರ ಹಾಕಿಸಿಕೊಂಡಳು.

*

“ಇದರಲ್ಲೇ ಇಳಿಸೋಣ,” ಎಂದಳು ಮಗಳು. “ಮೂಲೆಯೊಂದು ಮುಗಿಸಿಬಿಡಿ. ನಂಗೆ ಬರಲ್ಲ. ಅಮ್ಮ ನಂಗೆ ಕಡ್ಡಿ ಮುಟ್ಟೋಕೇ ಬಿಡ್ಲಿಲ್ಲ.”

ತಂಗಿ ಕೂತು ಚೌಕವನ್ನು ಮಡಿಲಿಗೆಳೆದುಕೊಂಡಳು. ಉಣ್ಣೆಯ ಉಂಡೆಯಿಂದ ಬಂದ ನೂಲನ್ನು ಹಿಡಿಯಲು ಹೊದಿಕೆಯನ್ನು ಮಗುಚಿದಳು.

ಹಿಂಬದಿಯ ತುಂಬ ಗಂಟುಗಳು. ಗೇಣುದ್ದದ ತುಂಡು, ಬೆರಳುದ್ದದ ತುಂಡು, ದಪ್ಪದ್ದು, ಸಣ್ಣದ್ದು. ಒಂದರ ಬೂದು ಇನ್ನೊಂದರಂತಿಲ್ಲ. ಶೆಡ್ಡಿನ ನೆಲದಿಂದ ದಿನಾ ಸಂಜೆ ಗುಡಿಸಿ ಬಿಸಾಡುತ್ತಿದ್ದ ನೂಲು. ಯಾವ ಯಜಮಾನನೂ ಇಂಥ ಹೊದಿಕೆಯನ್ನು ಮುಟ್ಟುವುದಿಲ್ಲ. ಮುಂಬದಿಯಲ್ಲಿ ಒಂದು ಗಂಟೂ ತೋರದಂತೆ ಅಕ್ಕ ಎಲ್ಲವನ್ನೂ ಹಿಂದಕ್ಕೆ ದಬ್ಬಿದ್ದಳು.

“ಯಾರಿಗೆ ಇದು?” ತಂಗಿ ಕೇಳಿದಳು.

“ಗೇಟಿನ ಹತ್ರ ಚಳೀಲಿ ಕೂತವರಿಗೆ. ಮುಗಿಸಿ ಒಂದ್ಸಲಕ್ಕೆ ತಂದು ಹೊದಿಸ್ಬೇಕು ಅಂತಿದ್ಳಂತೆ. ಆಣೆ ಯಜಮಾನನ ಹೆಣಿಗೆಗೆ, ನಮ್ಮ ಹೆಣಿಗೆಗಲ್ಲ ಅಂದ್ಕೊಂಡಿದ್ದಳಂತೆ.”

“ಒಂದು ಮಾತು ಹೇಳಬಹುದಿತ್ತಲ್ಲೇ.”

“ನಾನೂ ಕೇಳಿದ್ದೆ.” ಮಗಳು ತಾಯಿಯ ಹಣೆಯ ಕೂದಲು ಸರಿಪಡಿಸಿದಳು. “ಅವಳು ತಿರುಗಿಸಿ ನೋಡ್ಲಿಲ್ಲ, ನೋಡೋದನ್ನ ನಾನೇ ಕಲಿಸಿದ್ದೆ ಅಂದ್ಳು. ಆಮೇಲೆ ಆ ಮಾತು ಎತ್ತಲಿಲ್ಲ.”

ತಂಗಿ ಕಡ್ಡಿ ಹಿಡಿದಳು. ಹೋಗುವ ಸಾಲು ಎತ್ತಿದಳು, ಬರುವ ಸಾಲು ಇಳಿಸಿದಳು, ಮತ್ತೆ ಎತ್ತಿದಳು. ಚೌಕ ಮಡಿಯಲಿಲ್ಲ. ನಾಲಗೆಯಂತೆ ನೆಟ್ಟಗೆ ಉದ್ದವಾಯಿತು. ನಡುವಿನ ಮೂರನ್ನು ಒಂದು ಮಾಡುವುದನ್ನು ಬೆರಳುಗಳು ಮರೆತೇಬಿಟ್ಟಿದ್ದವು. ಬಿಚ್ಚಿದಳು. ಕೆಳಗೆ ವ್ಯಾನಿನ ಹಾರ್ನು ಎರಡು ಸಲ ಕೂಗಿತು. ಕಡ್ಡಿಯನ್ನು ಕುಣಿಕೆಗಳಲ್ಲೇ ಬಿಟ್ಟು, ಮೆಟ್ಟಿಲಿಳಿದು, ಬೀದಿ ದಾಟಿದಳು.

ತಗಡಿನ ಸೂರಿನಡಿಯ ಹೆಂಗಸರು ಅವಳತ್ತ ತಿರುಗಿದರು. ಅವಳ ಭಾಷಣಗಳೆಲ್ಲ ಆ ಹೆಂಗಸರಿಗೆ ಬಾಯಿಪಾಠ. ಇದು ಹೊಸದು.

“ಅಕ್ಕ ಯಜಮಾನನಿಗೆ ಹೆಣೀತಿರ್ಲಿಲ್ಲ. ನಮಗೆ ಹೆಣೀತಿದ್ಳು. ಕಸದ ನೂಲಲ್ಲಿ. ನಾನು ತಿರುಗಿಸಿ ನೋಡದೆ ಹೆಸರಿಟ್ಟೆ. ನೀವು ನನ್ನ ಹೊಗಳಿದ್ರಿ, ನಾನು ಹೊಗಳಿಸ್ಕೊಂಡೆ.”

ಯಾರೋ ಮೂಗೊರೆಸಿಕೊಂಡರು. ಒಬ್ಬಳು, ಶೆಡ್ಡಿನಲ್ಲಿ ಅಕ್ಕನ ಪಕ್ಕದಿಂದ ಮೊದಲು ಎದ್ದು ಹೋದವಳು, ಸೆರಗು ಹೊದ್ದು ಬೀದಿಯ ತುದಿಗೆ ನಡೆದುಬಿಟ್ಟಳು. ಗೊಗ್ಗರಕ್ಕ ತಂಗಿಯ ಮುಖವನ್ನು ನೋಡಿದಳು.

“ಅವಳಿಗೆ ಕಿವಿ ಇದ್ದಾಗ ನಿನ್ನ ಬಾಯಿಗೇನಾಗಿತ್ತೇ?”

ತಂಗಿ ತಲೆ ತಗ್ಗಿಸಿದಳು.

“ನಮ್ಮ ಕಾಲಿಗೂ ಏನಾಗಿತ್ತೋ,” ಎಂದು ಗೊಣಗಿ, ಗೊಗ್ಗರಕ್ಕ ಮೊದಲು ಬೀದಿ ದಾಟಿದಳು. ಉಳಿದವರು ಹಿಂದೆ ಬಂದರು.

ಮೇಲೆ ಅವರು ಅಕ್ಕನನ್ನು ಹೊದಿಕೆಗೆ ಎತ್ತಿಡುವ ಮುಂಚೆ ಒಬ್ಬೊಬ್ಬರೂ ಅಂಚು ಮಗುಚಿ ನೋಡಿದರು. ಮುಗಿಯದ ಚೌಕವನ್ನು ಕಂಡು ಗೊಗ್ಗರಕ್ಕ ಕೈ ಚಾಚಿದಳು, ತಾನು ಮುಗಿಸಿಕೊಡುತ್ತೇನೆಂದು. ಮತ್ತೆ ಹಾರ್ನು.

“ಬೇಡ ಬಿಡಕ್ಕ,” ಎಂದಳು ತಂಗಿ. “ಆ ಮೂಲೆ ನಾನು ಹಿಡ್ಕೋತೀನಿ.”

ಮುಷ್ಟಿಯೊಳಗೆ ಕಡ್ಡಿ, ಕುಣಿಕೆ, ನೂಲು ಎಲ್ಲವನ್ನೂ ಸೇರಿಸಿ ಬಿಗಿಹಿಡಿದಳು. ಎಲ್ಲರೂ ಒಟ್ಟಿಗೆ ಎತ್ತಿದರು. ಗಂಟುಗಳು ಅಂಗೈಗಳಿಗೆ ಒತ್ತಿದವು. ಅಕ್ಕ ಹಗುರಾಗಿದ್ದಳು. ಉಣ್ಣೆಯ ಉಂಡೆ ತೊಟ್ಟಿಲಿನಂತೆ ತೂಗುತ್ತಿದ್ದ ಹೊದಿಕೆಯಿಂದ ಜಾರಿ, ಮೆಟ್ಟಿಲ ಮೇಲೆ ಕುಪ್ಪಳಿಸುತ್ತ ಅವರಿಗಿಂತ ಮುಂದೆ ಇಳಿಯಿತು.

ತಿರುವಿನಲ್ಲಿ ಸಾಲು ನಿಂತಿತು. ಮುಂದಿನವರು ಗೋಡೆಗೆ ಬೆನ್ನು ಹಚ್ಚಿದರು. ತಂಗಿಯ ಮುಷ್ಟಿಯೊಳಗೆ ಕಡ್ಡಿಯ ಮೇಲಿಂದ ಒಂದು ಕುಣಿಕೆ ಜಾರಿತು, ಅದರ ಹಿಂದೆಯೇ ಇನ್ನೊಂದು. ಅವಳು ಬೆರಳುಗಳನ್ನು ಇನ್ನೂ ಬಿಗಿದಳು.

“ತಿರುಗಿಸಿ,” ಎಂದಿತು ಕೆಳಗಿನಿಂದ ಗೊಗ್ಗರಕ್ಕನ ಒಡಕು ದನಿ. “ಮೆಲ್ಲಗೆ, ಈ ಕಡೆಗೆ ತಿರುಗಿಸಿ.”