ಒಳಗೆ ಹೊಯ್ದ ನೀರು

ಬಲೆಗೆ ಮೀನು ಬೀಳದೆ ಒಂಬತ್ತು ದಿನವಾಗಿತ್ತು. ದೂರದ ದ್ವೀಪವೊಂದರಲ್ಲಿ ರೇವಾ ನದಿ ಕಡಲು ಸೇರುವ ಆ ಊರಿನಲ್ಲಿ ಇದಕ್ಕೆ ಒಂದೇ ಅರ್ಥ: ಸೊಂಟಮಟ್ಟ ನೀರಿಗಿಳಿದು ಬಲೆ ಎಳೆಯುವ ಹೆಂಗಸರಲ್ಲಿ ಯಾರೋ ಒಬ್ಬಳು ಬಸಿರನ್ನು ಮುಚ್ಚಿಟ್ಟಿದ್ದಾಳೆ. ಮುಚ್ಚಿಟ್ಟ ಬಸಿರು ಮೀನನ್ನು ಓಡಿಸುತ್ತದೆ, ಹೇಳಿಕೊಂಡದ್ದು ಓಡಿಸುವುದಿಲ್ಲ. ಮೀನಿಗೆ ಅಷ್ಟು ವಿವೇಕ ಎಲ್ಲಿಂದ ಬಂತೆಂದು ಯಾರೂ ಕೇಳಿದವರಿಲ್ಲ.

"ಯಾರೇ ಅದು, ಹೊಟ್ಟೇಲಿಟ್ಕೊಂಡು ಬಾಯಿ ಹೊಲ್ಕೊಂಡಿರೋಳು?" ಎಂದು ಬಲೆಯ ಮುಂದಾಳು ತಿತಿಲಿಯಾ ದಿನವೂ ಕೇಳುತ್ತಿದ್ದಳು. ಆ 'ಯಾರೋ' ಅವಳ ಸೊಸೆ ಸೆರುವಾಯಾಳೇ ಆಗಿದ್ದಳು.

ಸೆರುವಾಯಾಳಿಗೆ ಐದು ತಿಂಗಳು ನಡೆಯುತ್ತಿತ್ತು. ಹೋದ ವರ್ಷ ಊರಿಗೆಲ್ಲ ಹೇಳಿ, ಕೂಸಿಗೆಂದು ಚಾಪೆ ನೇಯಿಸಿಕೊಂಡು, ಬಸಿರಿನ ಆರನೇ ತಿಂಗಳಿಗೇ ಹೋದ ಕೂಸನ್ನು ಅದೇ ಚಾಪೆಯಲ್ಲಿ ಸುತ್ತಿ ಮಣ್ಣು ಮಾಡಿದ್ದಳು. ಈ ಸಲ ಇದೊಂದನ್ನು ಉಳಿಸಿಕೊಳ್ಳಬೇಕೆಂದು ಸಡಿಲ ಅಂಗಿ ತೊಟ್ಟು ಸುಮ್ಮನಿದ್ದಳು. ಸುವಾ ಪಟ್ಟಣದಲ್ಲಿ ದುಡಿಯುವ ಗಂಡನೊಬ್ಬನಿಗೆ ಗೊತ್ತಿತ್ತು.

ಆದರೆ ವಾಸನೆ ಸುಮ್ಮನಿರಲಿಲ್ಲ. ನೀರಿನಂಥ ಬೂದುಬಿಳಿ ಸ್ರಾವ ಹೋಗುತ್ತಿತ್ತು, ಜೊತೆಗೆ ಹಳಸಿದ ಮೀನಿನ ನಾತ. ಗಂಡ ಬಂದು ಹೋದ ಮರುದಿನವಂತೂ ಹೆಚ್ಚು. ಇದಕ್ಕೆ ಮದುವೆಯಾದ ಹೊಸತರಲ್ಲೇ ಅತ್ತೆ ಉಪಾಯ ಹೇಳಿಕೊಟ್ಟಿದ್ದಳು: ಸೀಬೆ ಎಲೆ ಕುದಿಸಿದ ನೀರಿಗೆ ಅಂಗಡಿಯಲ್ಲಿ ಸಿಗುವ, ಗಾಯ ತೊಳೆಯುವ ಔಷಧ ಒಂದು ಮುಚ್ಚಳ, ಬಾಟಲಿಯಿಂದ ಒಳಕ್ಕೆ ಹೊಯ್ದುಕೊಳ್ಳಬೇಕು. "ಹೆಂಗಸು ಮೀನು ಹಿಡೀಬೇಕು, ಮೀನು ನಾರಬಾರ್ದು," ಎಂದು ಬೇರೆ ಚುಚ್ಚಿದ್ದಳು. ತೊಳೆದರೆ ಎರಡು ದಿನ ನಾತ ಅಡಗುತ್ತಿತ್ತು. ಮೂರನೇ ದಿನ ಮೊದಲಿಗಿಂತ ಜೋರಾಗಿ ಬರುತ್ತಿತ್ತು. ಎಲೆಯ ನೀರನ್ನು ಅತ್ತೆಯೇ ಕಾಸಿಡುತ್ತಿದ್ದಳು; ಸೆರುವಾಯಾ ದಿನಕ್ಕೆರಡು ಸಲ ತೊಳೆಯತೊಡಗಿದಳು. ಒಳಗೆ ಏನೋ ಕೊಳೆಯುತ್ತಿದೆ, ಕೂಸೇ ಇರಬೇಕು ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಕೆಮ್ಮು ಎಂದು ಸುಳ್ಳು ಹೇಳಿ ದೋಣಿ ಹತ್ತಿ ಆರೋಗ್ಯ ಕೇಂದ್ರಕ್ಕೆ ಹೋದಳು. ನರ್ಸ್ ಅಸೆನಾತಾ ಪರೀಕ್ಷೆ ಮಾಡಿ, ಕೈ ತೊಳೆದು, ಎದುರು ಕೂತಳು.

"ಕೂಸಿನ ಎದೆಬಡಿತ ಚೆನ್ನಾಗಿದೆ. ಏನು ಹಾಕಿ ತೊಳೀತೀಯಾ?"

ಸೆರುವಾಯಾ ಹೇಳಿದಳು.

"ಅಲ್ಲಿ ಒಳ್ಳೇ ಕ್ರಿಮಿಗಳು ಕಾವಲಿಗಿರ್ತವೆ ಕಣೆ. ನೀನು ತೊಳೆದೂ ತೊಳೆದೂ ಕಾವಲಿನೋರನ್ನೇ ಓಡ್ಸಿದೀಯ. ಬೇಡದ್ದು ಬೆಳ್ಕೊಂಡಿದೆ, ನಾತ ಅದರದ್ದು. ನೀನು ಕೊಳಕಿ ಅಂತಲ್ಲ. ಒಳಗಿಂದು ತಾನೇ ಚೊಕ್ಕ ಆಗುತ್ತೆ, ಹೊರಗಷ್ಟೇ ಬರೀ ನೀರು ಸಾಕು. ಘಮಘಮ ಸೋಪೂ ಬೇಡ." ಆಮೇಲೆ ದನಿ ತಗ್ಗಿಸಿದಳು. "ಹೋದ ಸಲವೂ ತೊಳೀತಿದ್ಯಾ?"

"ಹೂಂ."

ನರ್ಸ್ ಚೀಟಿಯಲ್ಲಿ ಮಾತ್ರೆಯ ಹೆಸರು ಬರೆದಳು. "ಆ ಕೂಸು ಅದರಿಂದ್ಲೇ ಹೋಯ್ತು ಅಂತ ನಾನು ಹೇಳಲಾರೆ. ಆದ್ರೆ ಈ ಸೋಂಕಿದ್ರೆ ದಿನ ತುಂಬೋ ಮುಂಚೆ ಹೆರಿಗೆ ಆಗೋ ಭಯ ಹೆಚ್ಚು. ಏಳು ದಿನ ಮಾತ್ರೆ, ಒಂದೂ ತಪ್ಪಿಸ್ಬೇಡ. ಹೊಟ್ಟೆ ಕಲ್ಲಿನ ಹಾಗೆ ಬಿಗಿದು ಬಿಟ್ಟು, ಬಿಗಿದು ಬಿಟ್ಟು ಮಾಡಿದ್ರೆ ಯಾರ್ಗೂ ಕಾಯ್ಬೇಡ, ಬಂದ್ಬಿಡು."

ಸೆರುವಾಯಾ ಮಾತ್ರೆ ನುಂಗಿದಳು. ಅತ್ತೆ ಕಾಸಿಟ್ಟ ನೀರನ್ನು ಕದ್ದು ಬಾಳೆಯ ಬುಡಕ್ಕೆ ಚೆಲ್ಲಿದಳು. ಮೂರನೇ ದಿನಕ್ಕೆ ನಾತ ಇಳಿಯಿತು. ನಾಲ್ಕನೇ ದಿನ ಬಲೆ ಮತ್ತೆ ಬರಿದಾಗಿ ಬಂತು. ತಿತಿಲಿಯಾ ಒಬ್ಬೊಬ್ಬಳ ಮುಖವನ್ನೂ ನೋಡುತ್ತ ಬಂದು ಸೊಸೆಯ ಮುಂದೆ ನಿಂತಳು.

"ನಾನೇ ಅತ್ತೆ," ಎಂದಳು ಸೆರುವಾಯಾ. "ಐದು ತಿಂಗಳು. ನೀವು ಕಾಸೋ ನೀರನ್ನ ಬಿಟ್ಟಿದೀನಿ. ಅದು ಬಸಿರಿಗೆ ಕೇಡಂತೆ."

ಹೆಂಗಸರೆಲ್ಲ ನೀರಿನಲ್ಲೇ ಇವಳ ಕಡೆ ತಿರುಗಿದರು. ಬೈಗುಳ ಬರುತ್ತದೆಂದು ಸೆರುವಾಯಾ ಕಾದಳು. ತಿತಿಲಿಯಾ ಬೈಯಲಿಲ್ಲ.

"ನಂಗೆ ಆ ನೀರು ಹೇಳ್ಕೊಟ್ಟಿದ್ದು ನಮ್ಮಮ್ಮ," ಎಂದಳು. "ನಾಕು ಬಸಿರಲ್ಲಿ ಉಳ್ದಿದ್ದು ನಿನ್ ಗಂಡ ಒಬ್ನೇ."

ಸೆರುವಾಯಾಳ ಹೊಟ್ಟೆ ಒಮ್ಮೆ ಬಿಗಿದು ಬಿಟ್ಟಿತು. ಬಲೆ ಎಳೆದ ಆಯಾಸ ಎಂದುಕೊಂಡಳು. ಮತ್ತೆ ಬಿಗಿಯಿತು. ಅವಳ ಕೈ ತಾನಾಗಿ ಹೊಟ್ಟೆಗೆ ಹೋದದ್ದನ್ನು ಅತ್ತೆ ಕಂಡಳು. ಬಲೆಯನ್ನು ನೀರಿಗೆ ಬಿಟ್ಟು ಸೊಸೆಯ ತೋಳು ಹಿಡಿದಳು.

"ನಡಿ ನರ್ಸ್ ಹತ್ರ, ದೋಣಿ ಹತ್ತು. ನೀನು ಲೆಕ್ಕ ಇಡ್ತಾ ಇರು, ಎಷ್ಟೊತ್ತಿಗೊಂದು ಬರ್ತಿದೆ ಅಂತ. ನಾನು ಹುಟ್ಟು ಹಾಕ್ತೀನಿ."