ಎರಡೂವರೆ ವರ್ಷದ ಇಲಿಗಳು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಇಲಿಯಮ್ಮ ಎಂದೇ ಕರೆಯುತ್ತಿದ್ದರು. ಮೈದುನನೊಬ್ಬ ಮಾತ್ರ ಅತ್ತಿಗೆ ಎನ್ನುತ್ತಿದ್ದ, ಅದೂ ಹಲ್ಲು ಕಚ್ಚಿಕೊಂಡು. ಮುಪ್ಪಿನ ಸಂಶೋಧನೆಗೆ ಹೊಸ ಮುಖ್ಯಸ್ಥನಾಗಿ ಅವನೇ ಬಂದು ವಕ್ಕರಿಸಿದ್ದ. ಪ್ರಾಣಿಗಳ ಕೋಣೆಯ ಕಪಾಟಿನಲ್ಲಿ ನಲವತ್ತೊಂದು ಇಲಿಗಳಿದ್ದವು. ರಜೆ ಗಿಜೆ ಎನ್ನದೆ ಬಂದು, ತೂಕ ನೋಡಿ, ಉಗುರು ಕತ್ತರಿಸಿ, ಅವಳು ಎರಡೂವರೆ ವರ್ಷ ಸಾಕಿದ ಇಲಿಗಳು. ಇಲಿಯ ಲೆಕ್ಕದಲ್ಲಿ ಅಜ್ಜ ಅಜ್ಜಿಯರು.

ಮೈದುನನಿಗೆ ಆ ಕಪಾಟು ಬೇಕಿತ್ತು.

"ಹೊಸ ತಳಿ ತರಿಸ್ತಿದೀನಿ ಅತ್ತಿಗೆ. ಆರೇ ತಿಂಗಳಿಗೆ ಬೆನ್ನು ಬಾಗುತ್ತೆ, ಕೂದಲು ಉದುರುತ್ತೆ. ನಿಮ್ಮ ಮುದುಕರನ್ನ ಕಾಯ್ತಾ ಕೂತ್ರೆ ನಾನೇ ಮುದುಕ ಆಗ್ತೀನಿ. ಇವತ್ತೇ ಗ್ಯಾಸ್ ಪೆಟ್ಟಿಗೆಗೆ ಹಾಕಿ ಮುಗಿಸಿಬಿಡಿ."

"ಅದು ಮುಪ್ಪಲ್ಲ ಕಣೋ, ಹುಟ್ಟಿನಿಂದ ಬಂದ ರೋಗ. ಮುದಿಯಾಗಿ ಕಾಣೋದು ಬೇರೆ, ಮುದಿಯಾಗೋದು ಬೇರೆ. ನೀನು ತಲೆಗೆ ಬಣ್ಣ ಹಚ್ಕೊಂಡೆ ಅಂತ ಹರೆಯ ಬಂತಾ? ಅರ್ಧನಾದ್ರೂ ಉಳಿಸು."

ಗಾಜಿನಾಚೆ ಯಾರೋ ಕಿಸಕ್ಕನೆ ನಕ್ಕರು. ಅವನ ಮುಖ ಕೆಂಪಾಯಿತು. ಚೀಟಿಯಲ್ಲಿ 'ಎಲ್ಲವೂ' ಎಂದು ಬರೆದು, ಅಡಿಗೆರೆ ಎಳೆದು, ಸಹಿ ಗೀಚಿ ಅವಳ ಮುಂದೆ ಎಸೆದ.

"ಪಂಜರ ತೊಳೆಯೋರು ನನಗೆ ವಿಜ್ಞಾನ ಹೇಳೋದು ಬೇಡ."

ಅವಳಿಗೆ ಮೈಯೆಲ್ಲ ಉರಿಯಿತು. ಆ ಅಡಿಗೆರೆ ಅವಳ ಮೇಲಿನ ಸೇಡು, ಪಾಪ ಇಲಿಗಳ ಮೇಲಿನದಲ್ಲ. ತನ್ನ ನಾಲಿಗೆಯೇ ಅವಕ್ಕೆ ಮುಳುವಾಯಿತಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು. ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ನಲವತ್ತೊಂದನ್ನೂ ತಾನೇ ಎತ್ತಿ ಪೆಟ್ಟಿಗೆಗಿಟ್ಟಳು. ಕಣ್ಣಿಗೆ ಪೊರೆ ಬಂದ ಹೆಣ್ಣಿಲಿಯೊಂದು, ಕಾಳು ತಂದಿದ್ದಾಳೆ ಎಂದುಕೊಂಡು ಅಂಗೈ ಮೂಸಿತು.

ಹೊಸ ತಳಿ ಬರುವ ಮೊದಲೇ ಪರಿಶೀಲನಾ ಸಮಿತಿ ಬಂತು. ಮಧ್ಯಾಹ್ನದ ಹೊತ್ತಿಗೆ ಮೈದುನ ಏದುಸಿರು ಬಿಡುತ್ತ ಅವಳ ಕೋಣೆಗೆ ಓಡಿಬಂದ.

"ಅತ್ತಿಗೆ, ಆ ತಳಿಯದು ರೋಗವಂತೆ, ಮುಪ್ಪಲ್ಲವಂತೆ. ತಾನಾಗೇ ಮುದಿಯಾದ ಇಲಿ ತೋರಿಸಿ, ಇಲ್ಲಾಂದ್ರೆ ಯೋಜನೆ ಮುಚ್ಚಿ ಅಂತಿದಾರೆ. ನಿಮ್ಮ ಮನಸ್ಸು ನನಗೆ ಗೊತ್ತಿಲ್ವಾ? ಒಂದಷ್ಟನ್ನ ಬಚ್ಚಿಟ್ಟೇ ಇರ್ತೀರಿ."

ಇಷ್ಟು ವರ್ಷದಲ್ಲಿ ಅವನು ಅವಳನ್ನು ನಂಬಿದ್ದು ಅದೇ ಮೊದಲು. ಅವನ ಬೈಗುಳಕ್ಕಿಂತ ಆ ನಂಬಿಕೆಯೇ ಅವಳಿಗೆ ಹೆಚ್ಚು ಹೇಸಿಗೆ ಎನಿಸಿತು. ಒದ್ದೆ ಕೈ ಒರೆಸಿಕೊಂಡು, ಜೇಬಿನಿಂದ ಚೀಟಿ ತೆಗೆದು ಅವನ ಕೈಗಿಟ್ಟಳು.

"ಎಲ್ಲವೂ ಅಂತ ಬರ್ದಿದ್ರಲ್ಲ, ಸಾರ್. ಬೇರೆ ಬೇಕಂದ್ರೆ ಎರಡೂವರೆ ವರ್ಷ ಆಗುತ್ತೆ."

ಮತ್ತೆ ನಲ್ಲಿ ತಿರುಗಿಸಿ, ಖಾಲಿ ಪಂಜರಗಳನ್ನು ತೊಳೆಯತೊಡಗಿದಳು.